ಎದುರಿನವರ ಕಣ್ಣು ಕುಕ್ಕದಂತೆ ಹೆಡ್‌ಲೈಟ್ ಬೆಳಕು ಹೆಚ್ಚಿಸಿಕೊಳ್ಳುವ ಬಗೆ

ಹೆಡ್‌ಲೈಟ್ ಮಂಕಾಗಿದೆ ಅನ್ನಿಸಿದ ಕೂಡಲೇ ಹೆಚ್ಚಿನವರು ಹೋಗುವುದು ಆಕ್ಸೆಸರಿ ಅಂಗಡಿಗೆ. ಹತ್ತೇ ನಿಮಿಷದಲ್ಲಿ ಬಿಳಿ ಎಲ್‌ಇಡಿ ಬಲ್ಬ್ ಕೂರಿಸಿ ಕಳಿಸುತ್ತಾರೆ. ಅಂಗಡಿ ಮುಂದಿನ ಗೋಡೆ ಹಗಲಿನಂತೆ ಬೆಳಗುತ್ತದೆ. ಅದೇ ರಾತ್ರಿ ಊರು ದಾಟಿ ಹೆದ್ದಾರಿಗೆ ಬಂದರೆ ಬಾನೆಟ್ ಮುಂದಿನ ಹತ್ತು ಹದಿನೈದು ಮೀಟರ್ ಮಾತ್ರ ಬೆಳ್ಳಗೆ, ಅದರಾಚೆ ಮೊದಲಿಗಿಂತ ಕತ್ತಲು. ಎದುರಿನ ಲಾರಿಯವರು ಒಂದೇ ಸಮನೆ ಡಿಪ್ಪರ್ ಹೊಡೆಯುತ್ತಾರೆ. ಬೆಳಕು ಹೆಚ್ಚಾಗಿರುವುದು ನಿಜ, ಆದರೆ ಅದು ಬೀಳಬೇಕಾದಲ್ಲಿ ಬೀಳುತ್ತಿಲ್ಲ.

ಆರೇಳು ವರ್ಷ ಓಡಿದ ಕಾರಿನಲ್ಲಿ ಬೆಳಕು ಕಡಿಮೆಯಾಗಲು ಬಲ್ಬ್ ಕಾರಣವಾಗುವುದು ಅಪರೂಪ. ಲೆನ್ಸ್ ಮಂಜಾಗಿರುತ್ತದೆ, ವೈರಿನಲ್ಲಿ ವೋಲ್ಟೇಜ್ ಸೋರಿ ಹೋಗಿರುತ್ತದೆ, ದೀಪದ ದಿಕ್ಕು ತಪ್ಪಿರುತ್ತದೆ. ಹಾಗಾಗಿ ಮೊದಲು ಕಳೆದುಹೋದ ಬೆಳಕನ್ನು ವಾಪಸು ಪಡೆಯಿರಿ, ಹೊಸ ಬೆಳಕನ್ನು ಕೊಳ್ಳುವುದು ಆಮೇಲೆ. ಆಲ್ಟೊ, ವ್ಯಾಗನ್ ಆರ್‌ನಂಥ ಕಾರುಗಳಲ್ಲಿ ಬರುವ ಎಚ್4 ಹ್ಯಾಲೊಜೆನ್ ಬಲ್ಬ್ ಮತ್ತು ರಿಫ್ಲೆಕ್ಟರ್ (ಬಲ್ಬಿನ ಹಿಂದೆ ಬೆಳಕು ತಿರುಗಿಸುವ ಹೊಳೆಯುವ ಬಟ್ಟಲು) ದೀಪವನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿದೆ. ನಮ್ಮ ರಸ್ತೆಗಳಲ್ಲಿ ಅದೇ ಹೆಚ್ಚು.

ಎಚ್4 ಒಳಗೆ ಏನಿದೆ?

12 ವೋಲ್ಟ್‌ನ ಎಚ್4 ಬಲ್ಬಿನಲ್ಲಿ ಎರಡು ಫಿಲಮೆಂಟ್: ಹೈ ಬೀಮ್‌ಗೆ 60 ವ್ಯಾಟ್, ಲೋ ಬೀಮ್‌ಗೆ 55 ವ್ಯಾಟ್. 13.2 ವೋಲ್ಟ್ ಸಿಕ್ಕಾಗ ಹೈ ಬೀಮ್ ಸುಮಾರು 1650 ಲುಮೆನ್ (ಬೆಳಕಿನ ಅಳತೆ), ಲೋ ಬೀಮ್ ಸುಮಾರು 1000 ಲುಮೆನ್ ಕೊಡುತ್ತದೆ. ಲೋ ಬೀಮ್ ಫಿಲಮೆಂಟಿನ ಕೆಳಗೆ ಚಮಚದಂಥ ಒಂದು ಪುಟ್ಟ ಲೋಹದ ತಟ್ಟೆ ಇರುತ್ತದೆ. ಎದುರಿನವರ ಕಣ್ಣು ಕಾಯುವುದು ಅದೇ. ರಿಫ್ಲೆಕ್ಟರಿನ ಕೆಳ ಅರ್ಧಕ್ಕೆ ಬೆಳಕು ಹೋಗದಂತೆ ಅದು ತಡೆಯುತ್ತದೆ. ಮೇಲಿನ ಅರ್ಧಕ್ಕೆ ಬಿದ್ದ ಬೆಳಕು ಕೆಳಮುಖವಾಗಿ ರಸ್ತೆಗೆ ಬೀಳುತ್ತದೆ. ಗೋಡೆಗೆ ಲೋ ಬೀಮ್ ಹಾಕಿ ನೋಡಿದರೆ ಮೇಲೆ ಕತ್ತಲು, ಕೆಳಗೆ ಬೆಳಕು, ನಡುವೆ ಒಂದು ಗೆರೆ ಕಾಣುತ್ತದೆ. ಅದೇ ಕಟ್‌ಆಫ್. ನಾವು ಎಡಗಡೆ ಓಡಿಸುವವರು, ಆದ್ದರಿಂದ ಈ ಗೆರೆ ಬಲಭಾಗದಲ್ಲಿ ಮಟ್ಟವಾಗಿದ್ದು ಎಡಕ್ಕೆ ಹೋದಂತೆ ಮೇಲೇರುತ್ತದೆ. ಎಡ ಅಂಚಿನ ಪಾದಚಾರಿಯೂ ಮೈಲಿಗಲ್ಲೂ ಕಾಣುವುದು ಹೀಗೆ. ಏನೇ ಬದಲಾವಣೆ ಮಾಡಿದರೂ ಈ ಗೆರೆ ಕೆಡಬಾರದು.

ಮೊದಲ ಕೆಲಸ: ಲೆನ್ಸ್

ಈಗಿನ ಲೆನ್ಸ್‌ಗಳು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಮೇಲಿನ ರಕ್ಷಣಾ ಲೇಪ ಬಿಸಿಲಿಗೆ ಸತ್ತ ಮೇಲೆ ಪ್ಲಾಸ್ಟಿಕ್ ಹಳದಿಯಾಗಿ ಮಂಜಾಗುತ್ತದೆ. ಹೊರಗೆ ಹೋಗುವ ಬೆಳಕು ಕಡಿಮೆಯಾಗುವುದು ಒಂದು ತೊಂದರೆ. ಮಂಜಾದ ಲೆನ್ಸ್ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸಿ ಕಟ್‌ಆಫ್ ಗೆರೆಯನ್ನೇ ಅಳಿಸಿಬಿಡುವುದು ಇನ್ನೊಂದು. ನಿಮಗೂ ಕಾಣದು, ಎದುರಿನವರಿಗೂ ಕುಕ್ಕುತ್ತದೆ.

ದೀಪದ ಸುತ್ತಲಿನ ಪೇಂಟಿಗೆ ಎರಡು ಪದರ ಮಾಸ್ಕಿಂಗ್ ಟೇಪ್ ಹಚ್ಚಿ. 800 ನಂಬರ್ ವಾಟರ್ ಪೇಪರ್‌ನಿಂದ ಶುರುಮಾಡಿ 1000, 1500, 2000, ಸಿಕ್ಕರೆ 3000, ಈ ಕ್ರಮದಲ್ಲಿ ನೀರು ಹಾಕಿಕೊಂಡೇ ಉಜ್ಜಿ. ಪ್ರತಿ ನಂಬರಿಗೂ ದಿಕ್ಕು ಬದಲಿಸಿ: ಒಮ್ಮೆ ಅಡ್ಡ, ಒಮ್ಮೆ ಉದ್ದ. ಹಿಂದಿನ ಪೇಪರಿನ ಗೀರು ಪೂರ್ತಿ ಹೋಯಿತೇ ಎಂಬುದು ಆಗ ಗೊತ್ತಾಗುತ್ತದೆ. 800ರಲ್ಲಿ ಹಳದಿ ನೀರು ಬರುವುದು ನಿಂತು ಬಿಳಿ ನೀರು ಬರುವವರೆಗೆ ಮುಂದಕ್ಕೆ ಹೋಗಬೇಡಿ. ಅರ್ಧ ಉಳಿದ ಹಳೇ ಲೇಪವೇ ಆಮೇಲೆ ತೇಪೆ ತೇಪೆಯಾಗಿ ಕಾಣುವುದು. ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಪಾಲಿಶ್ ಮಾಡಿ.

ಇಲ್ಲಿಗೇ ನಿಲ್ಲಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಉಜ್ಜುವ ಉಪಾಯ ಕೆಲವೇ ವಾರ ಬಾಳುವುದೂ ಇದಕ್ಕೇ: ಲೇಪವಿಲ್ಲದ ಪ್ಲಾಸ್ಟಿಕ್ ಬಿಸಿಲಿಗೆ ಬೆತ್ತಲೆ. ಲೆನ್ಸನ್ನು ಪೂರ್ತಿ ಒಣಗಿಸಿ, ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಡೆಯುವ ಕ್ಲಿಯರ್ ಕೋಟ್ ಎರಡು ತೆಳು ಪದರ ಸ್ಪ್ರೇ ಮಾಡಿ. ಹಾರ್ಡ್‌ನರ್ ಬೆರೆಸುವ ಎರಡು ಭಾಗದ್ದಾದರೆ ಹೆಚ್ಚು ಬಾಳಿಕೆ. ಮಳೆಗಾಲದ ತೇವದ ದಿನ ಸ್ಪ್ರೇ ಮಾಡಿದರೆ ಕೋಟ್ ಹಾಲಿನಂತೆ ಬೆಳ್ಳಗಾಗುತ್ತದೆ, ಒಣಹವೆಯ ದಿನಕ್ಕೆ ಕಾಯಿರಿ. ಹಳೇ ಜಿಪ್ಸಿ, ಜೀಪಿನಂಥ ಗಾಜಿನ ಲೆನ್ಸಿಗೆ ಇದಾವುದೂ ಬೇಡ, ಸೋಪು ನೀರು ಸಾಕು.

ಒಳಗಿನ ರಿಫ್ಲೆಕ್ಟರ್ ಕಪ್ಪಾಗಿದ್ದರೆ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಅದು ಅಲ್ಯುಮಿನಿಯಮ್ಮಿನ ಅತಿ ತೆಳು ಪದರ, ಒರೆಸಿದರೆ ಬಟ್ಟೆಗೇ ಎದ್ದು ಬರುತ್ತದೆ. ಕ್ರೋಮ್ ಪ್ಲೇಟಿಂಗ್ ಮಾಡಿಸಿದರೆ ಹೊಳೆಯುತ್ತದೆ, ಆದರೆ ಅಲ್ಯುಮಿನಿಯಮ್ಮಿನಷ್ಟು ಬೆಳಕನ್ನು ಕ್ರೋಮ್ ತಿರುಗಿಸುವುದಿಲ್ಲ. ಸುಟ್ಟ ರಿಫ್ಲೆಕ್ಟರಿಗೆ ಹೊಸ ಅಸೆಂಬ್ಲಿಯೇ ಔಷಧ. ಇನ್ನು ವಿಂಡ್‌ಸ್ಕ್ರೀನ್ ಒಳಮೈಯ ಜಿಡ್ಡು: ಅದನ್ನು ಒರೆಸಿದ ರಾತ್ರಿ ಎಷ್ಟೋ ಜನರಿಗೆ ಹೆಡ್‌ಲೈಟೇ ಬದಲಾದಂತೆ ಕಾಣುತ್ತದೆ.

ಎರಡನೆಯದು: ವೋಲ್ಟೇಜ್ ಅಳೆಯುವುದು

ಹ್ಯಾಲೊಜೆನ್ ಬಲ್ಬ್ ವೋಲ್ಟೇಜಿನ ವಿಷಯದಲ್ಲಿ ಬಲು ಸೂಕ್ಷ್ಮ. 13.2 ವೋಲ್ಟ್ ಸಿಗಬೇಕಾದಲ್ಲಿ 12.2 ಸಿಕ್ಕರೆ ಬೆಳಕಿನ ಸುಮಾರು ಕಾಲು ಭಾಗ ಹೋಯಿತು. 11.2ಕ್ಕೆ ಇಳಿದರೆ ಹೋಗುವುದು ಶೇ 40ಕ್ಕೂ ಹೆಚ್ಚು. ಹಳೇ ಕಾರುಗಳಲ್ಲಿ ದೀಪದ ಕರೆಂಟೆಲ್ಲ ಸ್ಟಿಯರಿಂಗ್ ಪಕ್ಕದ ಕಾಂಬಿನೇಷನ್ ಸ್ವಿಚ್ ಮೂಲಕವೇ ಸುತ್ತಿಕೊಂಡು ಬರುವುದರಿಂದ ಇಷ್ಟು ನಷ್ಟ ಅಪರೂಪವಲ್ಲ.

ಅಳೆಯುವಾಗ ಎಂಜಿನ್ 1500ರಿಂದ 2000 ಆರ್‌ಪಿಎಂನಲ್ಲಿರಲಿ, ಲೋ ಬೀಮ್ ಉರಿಯುತ್ತಿರಲಿ. ಮೊದಲು ಬ್ಯಾಟರಿ ಟರ್ಮಿನಲ್‌ಗಳ ನಡುವೆ ನೋಡಿ: 13.8ರಿಂದ 14.4 ಇರಬೇಕು. ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಗಮನ ಕೊಡಿ, ದೀಪದ ಕೆಲಸ ಆಮೇಲೆ. ನಂತರ ಬಲ್ಬಿಗೆ ಕೂರುವ ವೈರಿನ ಪ್ಲಗ್, ಅಂದರೆ ಕಪ್ಲರ್, ಅದರ ಹಿಂದಿನಿಂದ ಲೋ ಪಿನ್ನಿಗೂ ಅರ್ಥ್ ಪಿನ್ನಿಗೂ ಮಲ್ಟಿಮೀಟರ್ ತಾಗಿಸಿ ಅಳೆಯಿರಿ. ಕಪ್ಲರ್ ಕಿತ್ತು ಅಳೆಯುವುದು ದೊಡ್ಡ ತಪ್ಪು. ಕರೆಂಟ್ ಹರಿಯದಿದ್ದರೆ ನಷ್ಟವೂ ಕಾಣುವುದಿಲ್ಲ, ಮೀಟರ್ ಪೂರ್ತಿ 14 ತೋರಿಸಿ ಮೋಸ ಮಾಡುತ್ತದೆ.

ಎರಡರ ವ್ಯತ್ಯಾಸ ಅರ್ಧ ವೋಲ್ಟ್‌ನೊಳಗಿದ್ದರೆ ವೈರಿಂಗ್ ಮುಟ್ಟಬೇಡಿ. ಒಂದು ವೋಲ್ಟ್ ದಾಟಿದ್ದರೆ ನಷ್ಟ ಯಾವ ಕಡೆ ಎಂದು ಪತ್ತೆ ಮಾಡಿ. ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಪ್ಲಸ್ ಪಿನ್ನಿಗೆ ಒಮ್ಮೆ, ಬ್ಯಾಟರಿಯ ಮೈನಸ್‌ನಿಂದ ಬಲ್ಬಿನ ಅರ್ಥ್ ಪಿನ್ನಿಗೆ ಒಮ್ಮೆ ಮೀಟರ್ ಹಿಡಿಯಿರಿ. ನಷ್ಟ ಅರ್ಥ್ ಕಡೆಯೇ ಇದ್ದರೆ ತುಕ್ಕು ಹಿಡಿದ ಅರ್ಥ್ ಬೋಲ್ಟ್ ಬಿಚ್ಚಿ, ಲೋಹ ಕಾಣುವವರೆಗೆ ಉಜ್ಜಿ ಕಟ್ಟಿದರೆ ಮುಗಿಯಿತು. ಹೆಚ್ಚೆಂದರೆ 2.5 ಸ್ಕ್ವೇರ್ ಎಂಎಂ ವೈರ್ ಒಂದನ್ನು ಬ್ಯಾಟರಿ ಮೈನಸ್‌ಗೆ ಎಳೆಯಬೇಕಾದೀತು. ರಿಲೇ (ಸಣ್ಣ ಕರೆಂಟಿನ ಸೂಚನೆಯಿಂದ ದೊಡ್ಡ ಕರೆಂಟನ್ನು ಆನ್, ಆಫ್ ಮಾಡುವ ಸ್ವಿಚ್) ಕಿಟ್ ಮಾರುವವರು ಇದನ್ನು ಹೇಳುವುದಿಲ್ಲ!

ರಿಲೇ ಕಟ್ಟುವುದು

ನಷ್ಟ ಪ್ಲಸ್ ಕಡೆ ಇದ್ದರೆ ಮಾತ್ರ ರಿಲೇ. ಬೇಕಾಗುವುದು: 12 ವೋಲ್ಟ್, 30 ಆಂಪ್‌ನ ನಾಲ್ಕು ಪಿನ್ ರಿಲೇ ಎರಡು, ಬ್ಲೇಡ್ ಫ್ಯೂಸ್ ಹೋಲ್ಡರ್ ಎರಡು, 15 ಆಂಪ್ ಫ್ಯೂಸ್, ಎಚ್4 ಸೆರಾಮಿಕ್ ಹೋಲ್ಡರ್ ಎರಡು, ಮೂಲ ಕಪ್ಲರಿಗೆ ಕೂರುವ ಗಂಡು ಪ್ಲಗ್ ಒಂದು, 2.5 ಸ್ಕ್ವೇರ್ ಎಂಎಂ ಆಟೊ ವೈರ್ ಐದಾರು ಮೀಟರ್, ರಿಲೇಗೆ ಸೂಚನೆ ಕೊಡಲು ತೆಳು ವೈರ್, ಕಾಯಿಸಿದರೆ ಬಿಗಿದುಕೊಳ್ಳುವ ಹೀಟ್ ಶ್ರಿಂಕ್ ಸ್ಲೀವ್. ಮನೆಯ ವೈರಿಂಗಿನ ವೈರ್ ಬೇಡ. ಎಂಜಿನ್ ಶಾಖ, ಎಣ್ಣೆ, ಅದುರಾಟ ಮೂರನ್ನೂ ತಡೆಯಲು ಅದನ್ನು ಮಾಡಿಲ್ಲ.

ಬ್ಯಾಟರಿ ಮೈನಸ್ ಕಳಚಿ ಶುರುಮಾಡಿ. ಬ್ಯಾಟರಿ ಪ್ಲಸ್‌ನಿಂದ ಎರಡು ಪ್ರತ್ಯೇಕ ವೈರ್ ಹೊರಟು, ಒಂದು ಗೇಣಿನೊಳಗೇ ಫ್ಯೂಸ್ ದಾಟಿ, ಒಂದೊಂದು ರಿಲೇಯ 30ನೇ ಪಿನ್ನಿಗೆ ಸೇರಲಿ. ಮೊದಲ ರಿಲೇಯ 87ರಿಂದ ಎರಡೂ ಬಲ್ಬಿನ ಲೋ ಪಿನ್ನಿಗೆ, ಎರಡನೆಯದರ 87ರಿಂದ ಎರಡೂ ಬಲ್ಬಿನ ಹೈ ಪಿನ್ನಿಗೆ. ಮೂಲ ಕಪ್ಲರಿನ ಲೋ ವೈರ್ ಮೊದಲ ರಿಲೇಯ 86ಕ್ಕೆ, ಹೈ ವೈರ್ ಎರಡನೆಯದರ 86ಕ್ಕೆ. ಎರಡೂ ರಿಲೇಯ 85, ಎರಡೂ ಬಲ್ಬಿನ ಅರ್ಥ್ ಪಿನ್ ಅರ್ಥ್‌ಗೆ. ಎರಡು ಬಲ್ಬ್ ಸೇರಿ ಎಳೆಯುವುದು ಒಂಬತ್ತು ಆಂಪ್ ಆಸುಪಾಸು, 15 ಆಂಪ್ ಫ್ಯೂಸ್ ಧಾರಾಳ. ಲೋ ಮತ್ತು ಹೈಗೆ ಬೇರೆ ಬೇರೆ ಫ್ಯೂಸ್ ಯಾಕೆಂದರೆ, ರಾತ್ರಿ ಘಾಟಿಯಲ್ಲಿ ಒಂದು ಸುಟ್ಟರೂ ಇನ್ನೊಂದು ಉಳಿಯಬೇಕು. ಮಳೆ ನೀರು ಒಳಗೆ ನಿಲ್ಲದಂತೆ ರಿಲೇಯ ಪಿನ್‌ಗಳು ಕೆಳಮುಖವಾಗಿರಲಿ.

ಕೆಲವು ಗಾಡಿಗಳಲ್ಲಿ ಸ್ವಿಚ್ ಇರುವುದು ಅರ್ಥ್ ಕಡೆ, ಬಲ್ಬಿಗೆ ಪ್ಲಸ್ ಸದಾ ಬರುತ್ತಿರುತ್ತದೆ. ದೀಪ ಆಫ್ ಇದ್ದು ಇಗ್ನಿಷನ್ ಆನ್ ಇರುವಾಗ ಟೆಸ್ಟ್ ಲ್ಯಾಂಪಿನಿಂದ ಕಪ್ಲರ್ ಪಿನ್ ಮುಟ್ಟಿ ನೋಡಿ. ಯಾವುದೋ ಒಂದರಲ್ಲಿ 12 ವೋಲ್ಟ್ ಬಂದರೆ ಮೇಲಿನ ಜೋಡಣೆ ನಡೆಯುವುದಿಲ್ಲ, ಅಂಥ ಗಾಡಿಗೆಂದೇ ಮಾಡಿದ ಕಿಟ್ ಕೇಳಿ. ದೀಪವನ್ನು ಕಂಪ್ಯೂಟರ್ ಮೂಲಕ ನಡೆಸುವ ಹೊಸ ಕಾರುಗಳಲ್ಲಿ ರಿಲೇ ಸಾಹಸವೇ ಬೇಡ. ಬಲ್ಬ್ ಮಿನುಗುವುದು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಬರುವುದು, ವಾರಂಟಿ ಹೋಗುವುದು ಒಟ್ಟಿಗೇ ಆಗುತ್ತವೆ.

ಯಾವ ಬಲ್ಬ್?

ಇಷ್ಟಾದ ಮೇಲೂ ಸಾಲದಿದ್ದರೆ ಬಲ್ಬ್ ಕಡೆ ಬನ್ನಿ. 60/55 ವ್ಯಾಟ್‌ನಲ್ಲೇ ಉಳಿಯಿರಿ. ಓಸ್ರಾಮ್ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ಥರದ ಬಲ್ಬ್‌ಗಳು ಅದೇ ವ್ಯಾಟ್‌ನಲ್ಲಿ ಬಿಗಿಯಾಗಿ ಸುತ್ತಿದ ಫಿಲಮೆಂಟಿನಿಂದ ಬೆಳಕನ್ನು ರಸ್ತೆಯ ದೂರದ ಭಾಗಕ್ಕೆ ಒಟ್ಟುಗೂಡಿಸುತ್ತವೆ. ಡಬ್ಬಿಯ ಮೇಲಿನ ‘ಶೇ 130 ಹೆಚ್ಚು’ ಎನ್ನುವುದು ಕಾನೂನು ಕೇಳುವ ಕನಿಷ್ಠಕ್ಕೆ ಹೋಲಿಸಿದ ಮಾತು, ನಿಮ್ಮ ಹಳೇ ಬಲ್ಬಿಗೆ ಹೋಲಿಸಿದ್ದಲ್ಲ. ಆಯಸ್ಸೂ ಸಾಮಾನ್ಯ ಬಲ್ಬಿಗಿಂತ ಕಡಿಮೆ. ರಿಲೇ ಹಾಕಿದ ಗಾಡಿಯಲ್ಲಿ ಇನ್ನೂ ಕಡಿಮೆ: ವೋಲ್ಟೇಜ್ ಶೇ 5 ಏರಿದರೆ ಫಿಲಮೆಂಟಿನ ಆಯಸ್ಸು ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ.

ನೀಲಿ ಲೇಪದ ‘ಸೂಪರ್ ವೈಟ್’ ಬಲ್ಬ್ ಬಿಳಿಯಾಗಿ ಕಾಣುವುದು ಹಳದಿ ಬೆಳಕನ್ನು ಒಳಗೇ ಸೋಸಿ ಹಿಡಿದಿಟ್ಟುಕೊಂಡು. ಹೊರಬರುವ ಬೆಳಕು ಕಡಿಮೆಯೇ. ಇನ್ನು 100/90 ವ್ಯಾಟ್ ಬಲ್ಬ್: ರಿಫ್ಲೆಕ್ಟರ್ ಸುಡುತ್ತದೆ, ಹೋಲ್ಡರ್ ಕರಗುತ್ತದೆ, ಲೋ ಬೀಮ್‌ನಲ್ಲೂ ಎದುರಿನವರಿಗೆ ಕುಕ್ಕುತ್ತದೆ, ರಸ್ತೆಯಲ್ಲಿ ಬಳಸಲು ಅನುಮತಿಯೂ ಇಲ್ಲ.

ಬಲ್ಬ್ ಹಾಕುವಾಗ ಗಾಜು ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ವಿಪರೀತ ಕಾದು ಗಾಜು ಉಬ್ಬುತ್ತದೆ. ಮೂರು ಕಿವಿಗಳು ಒಂದೇ ರೀತಿಯಲ್ಲಿ ಕೂರುವಂತಿವೆ, ಒತ್ತಾಯಿಸಿ ತಿರುಗಿಸಬೇಡಿ. ಹಿಂದಿನ ರಬ್ಬರ್ ಟೋಪಿ ಸುತ್ತಲೂ ಸರಿಯಾಗಿ ಕೂತಿತೇ ಎಂದು ಬೆರಳಾಡಿಸಿ ನೋಡಿ. ಮೊದಲ ಮಳೆಗೇ ದೀಪದೊಳಗೆ ಆವಿ ಕಟ್ಟುವುದು ಇಲ್ಲಿಂದಲೇ.

ಹ್ಯಾಲೊಜೆನ್ ಗೂಡಿಗೆ ಎಲ್‌ಇಡಿ

ಫಿಲಮೆಂಟ್ ಎಂದರೆ ಸುತ್ತಲೂ ಬೆಳಗುವ ಒಂದು ಪುಟ್ಟ ಸುರುಳಿ. ರಿಫ್ಲೆಕ್ಟರಿನ ಪ್ರತಿ ಬಾಗೂ ಆ ಸುರುಳಿ ಇರುವ ಜಾಗವನ್ನು ಲೆಕ್ಕವಿಟ್ಟೇ ರೂಪಿಸಿದ್ದು, ಮಿಲಿಮೀಟರಿನ ಭಾಗದಷ್ಟು ಸರಿದರೂ ಕಟ್‌ಆಫ್ ಮಸುಕಾಗುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಚಿಪ್‌ಗಳು ಇರುವುದು ಒಂದು ಚಪ್ಪಟೆ ಪಟ್ಟಿಯ ಎರಡು ಮೈಯಲ್ಲಿ. ಎರಡು ಪಕ್ಕಕ್ಕೆ ಹೆಚ್ಚು ಬೆಳಕು, ಮೇಲೆ ಕೆಳಗೆ ಕಡಿಮೆ. ಸ್ವಲ್ಪ ಬೆಳಕು ಗೆರೆಯ ಮೇಲಕ್ಕೆ ಚಿಮ್ಮುತ್ತದೆ, ರಸ್ತೆಯ ನಡುವೆ ದೂರಕ್ಕೆ ಹೋಗಬೇಕಾದ ಅತಿ ಪ್ರಖರ ಭಾಗ ತೆಳುವಾಗುತ್ತದೆ. ಕಾರಿನ ಮುಂದಿನ ನೆಲ ಬೆಳ್ಳಗಾದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನೂ ಕಾಣದು. ರಿಫ್ಲೆಕ್ಟರಿನಲ್ಲಿ ಎಚ್‌ಐಡಿ (ಕ್ಸೆನಾನ್ ದೀಪ) ಕಿಟ್ ಇದಕ್ಕಿಂತಲೂ ಕೆಟ್ಟದ್ದು.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬಿಗೆ ಅನುಮತಿ ಸಿಕ್ಕಿದೆ, ಆದರೆ ಪರೀಕ್ಷೆ ಮಾಡಿ ಪಟ್ಟಿಗೆ ಸೇರಿಸಿದ ಮಾಡೆಲ್‌ಗಳಿಗೆ ಮಾತ್ರ. ಬಲ್ಬ್ ಒಳ್ಳೆಯದೇ ಎಂಬುದು ಅರ್ಧ ಪ್ರಶ್ನೆ, ನಿಮ್ಮ ದೀಪದಲ್ಲಿ ಒಳ್ಳೆಯದೇ ಎಂಬುದು ಉಳಿದರ್ಧ.

ಈಗಾಗಲೇ ಹಾಕಿಸಿದ್ದರೆ ಹೀಗೆ ಪರೀಕ್ಷಿಸಿ. ಹ್ಯಾಲೊಜೆನ್ ಹಾಕಿ ಗೋಡೆಯ ಮೇಲೆ ಕಟ್‌ಆಫ್ ಗೆರೆಗೆ ಟೇಪ್ ಅಂಟಿಸಿ. ಗಾಡಿ ಅಲುಗಿಸದೆ ಎಲ್‌ಇಡಿ ಹಾಕಿ. ಚಿಪ್‌ಗಳು ಗಡಿಯಾರದ ಮೂರು ಮತ್ತು ಒಂಬತ್ತು ಗಂಟೆಯ ದಿಕ್ಕಿಗಿರಲಿ. ಟೇಪಿನ ಮೇಲ್ಭಾಗದ ಗೋಡೆ ಮೊದಲಿಗಿಂತ ಬೆಳ್ಳಗಾಗಿದ್ದರೆ, ಗೆರೆ ಮಸುಕಾಗಿದ್ದರೆ, ಆ ಬಲ್ಬ್ ನಿಮ್ಮ ದೀಪಕ್ಕಲ್ಲ. ಇಡೀ ದೀಪವನ್ನೇ ಕೆಳಗಿಳಿಸಿ ಸರಿಮಾಡುತ್ತೇವೆ ಎನ್ನುವವರಿದ್ದಾರೆ. ಮೇಲಕ್ಕೆ ಚೆದುರಿದ ಬೆಳಕು ಅದರಿಂದ ನಿಲ್ಲುವುದಿಲ್ಲ, ನಿಮ್ಮ ದೂರ ಮಾತ್ರ ಕಡಿಮೆಯಾಗುತ್ತದೆ.

ಬಿಳಿ ಬೆಳಕೇ ಬೇಕೆಂದರೆ ಸರಿಯಾದ ದಾರಿ ಇಡೀ ದೀಪವನ್ನು ಬದಲಿಸುವುದು: ನಿಮ್ಮದೇ ಮಾಡೆಲ್‌ನ ಮೇಲಿನ ವೇರಿಯಂಟಿನ ಪ್ರೊಜೆಕ್ಟರ್ (ಒಳಗಿನ ಗುಂಡು ಮಸೂರದಿಂದ ಬೆಳಕನ್ನು ರಸ್ತೆಗೆ ಹಾಯಿಸುವ ದೀಪ) ಅಸೆಂಬ್ಲಿ, ಅಥವಾ ಏಳು ಇಂಚಿನ ಗುಂಡು ದೀಪದ ಗಾಡಿಯಾದರೆ ಅನುಮೋದನೆ ಇರುವ ಏಳಿಂಚಿನ ಎಲ್‌ಇಡಿ ದೀಪ. ಲೆನ್ಸಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ ಇದೆಯೇ ನೋಡಿ. ಅದಕ್ಕಿಂತ ಮುಖ್ಯ ಬಾಣದ ಗುರುತು. ದೀಪಕ್ಕೆ ಎದುರಾಗಿ ನಿಂತಾಗ ಬಾಣ ನಿಮ್ಮ ಬಲಕ್ಕೆ ತೋರಿಸುತ್ತಿದ್ದರೆ ಅದು ನಮ್ಮಂತೆ ಎಡಗಡೆ ಓಡಿಸುವ ದೇಶದ್ದು. ಬಾಣವೇ ಇಲ್ಲದಿದ್ದರೆ ಬಲಗಡೆ ಓಡಿಸುವವರಿಗೆ ಮಾಡಿದ್ದು, ಅದರ ಏರುಗೆರೆ ನೇರ ಎದುರಿನವರ ಕಣ್ಣಿಗೆ. ಆನ್‌ಲೈನಿನಲ್ಲಿ ಪ್ರೊಜೆಕ್ಟರ್ ತರಿಸುವಾಗ ‘ಆರ್‌ಎಚ್‌ಡಿ’ ಎಂದೇ ಆರಿಸಿ. ಸ್ಟಿಯರಿಂಗ್ ಬಲಕ್ಕಿರುವ ಗಾಡಿ ಎಂದು ಅದರ ಅರ್ಥ.

ಗುರಿ ಹೊಂದಿಸುವುದು

ಬಲ್ಬ್ ಬದಲಿಸಿದರೂ, ದೀಪ ಬಿಚ್ಚಿ ಹಾಕಿದರೂ, ಕೊನೆಗೆ ಮಾಡಲೇಬೇಕಾದ ಕೆಲಸ ಇದು. ಮಟ್ಟವಾದ ನೆಲ, ಎದುರಿಗೆ ಗೋಡೆ. ಟೈರಿನಲ್ಲಿ ಸರಿಯಾದ ಗಾಳಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರ ಹೊಂದಿಸುವ ಲೆವೆಲರ್ ತಿರುಗಣೆ ಸೊನ್ನೆಯಲ್ಲಿ.

ಗಾಡಿಯನ್ನು ಗೋಡೆಗೆ ಹತ್ತಿರ ತಂದು ಎರಡೂ ದೀಪದ ನಡುಬಿಂದುವನ್ನು ಟೇಪಿನಿಂದ ಗುರುತಿಸಿ. ನೇರ ಹಿಂದಕ್ಕೆ 10 ಮೀಟರ್ ಹೋಗಿ. ನಡುಬಿಂದುವಿಗಿಂತ 10 ಸೆಂಟಿಮೀಟರ್ ಕೆಳಗೆ ಅಡ್ಡ ಟೇಪ್ ಹಚ್ಚಿ. ಜಾಗ ಐದೇ ಮೀಟರ್ ಇದ್ದರೆ ಐದು ಸೆಂಟಿಮೀಟರ್. ಒಂದು ದೀಪದ ಮುಂದೆ ರಟ್ಟು ಹಿಡಿದು ಮರೆಮಾಡಿ. ಬಟ್ಟೆ ಮುಚ್ಚಬೇಡಿ, ಶಾಖಕ್ಕೆ ಲೆನ್ಸ್ ಹಾಳಾದೀತು. ಇನ್ನೊಂದರ ಹಿಂದಿನ ಎತ್ತರದ ಸ್ಕ್ರೂ ತಿರುಗಿಸಿ ಕಟ್‌ಆಫಿನ ಮಟ್ಟವಾದ ಭಾಗವನ್ನು ಟೇಪಿಗೆ ತನ್ನಿ. ಪಕ್ಕದ ಸ್ಕ್ರೂನಿಂದ, ಗೆರೆ ಎಡಕ್ಕೆ ಏರಲು ಶುರುವಾಗುವ ಮೊಣಕೈ ಆ ದೀಪದ ನೇರಕ್ಕೋ ಚೂರು ಎಡಕ್ಕೋ ಬರುವಂತೆ ಮಾಡಿ. ಬಲಕ್ಕಂತೂ ಹೋಗಬಾರದು. ಎಚ್4ನಲ್ಲಿ ಹೈ ಬೀಮ್ ಬೇರೆಯಾಗಿ ಹೊಂದಿಸಬೇಕಿಲ್ಲ.

ಈ ಹತ್ತು ಸೆಂಟಿಮೀಟರಿನ ಬೆಲೆ ಲೆಕ್ಕ ಹಾಕಿ. ದೀಪ ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕಟ್‌ಆಫ್ ನೆಲ ಮುಟ್ಟುವುದು 65 ಮೀಟರ್ ದೂರದಲ್ಲಿ. 10 ಮೀಟರಿಗೆ 20 ಸೆಂಟಿಮೀಟರ್ ಇಳಿಸಿದರೆ 32 ಮೀಟರಿಗೇ ಮುಗಿಯಿತು, 80 ಕಿಲೋಮೀಟರ್ ವೇಗದಲ್ಲಿ ಅದು ಒಂದೂವರೆ ಸೆಕೆಂಡ್. ಇಳಿಸದೇ ಬಿಟ್ಟರೆ ಸಣ್ಣ ಉಬ್ಬು ಹತ್ತಿದರೂ ಎದುರಿನವರ ಕಣ್ಣಿಗೆ. ಹಿಂದಿನ ಸೀಟಿಗೆ ಜನ, ಡಿಕ್ಕಿಗೆ ಸಾಮಾನು ತುಂಬಿದಾಗ ಮೂತಿ ಮೇಲೇಳುತ್ತದೆ. ಲೆವೆಲರ್‌ನ 1, 2, 3 ಇರುವುದು ಅದಕ್ಕೇ.

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 106ನೇ ನಿಯಮವೂ ಹೇಳುವುದು ಇದನ್ನೇ: ದೀಪದಿಂದ 8 ಮೀಟರ್ ಮುಂದೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣು ಕುಕ್ಕಬಾರದು. 2024ರ ಜುಲೈನಿಂದ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ಮೇಲೆ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ವಿಶೇಷ ಕಾರ್ಯಾಚರಣೆ ನಡೆಸಿದ್ದರು. ಬಂಪರಿಗೆ ಸ್ಪಾಟ್‌ಲೈಟ್ ಕಟ್ಟುವುದನ್ನು 111ನೇ ನಿಯಮ ತಡೆಯುತ್ತದೆ. ಚಾರ್ಮಾಡಿ, ಆಗುಂಬೆಯ ಮಂಜಿಗೆ ಬೇಕಾದದ್ದು ಬಂಪರಿನ ಕೆಳಭಾಗದ ಫಾಗ್ ಲ್ಯಾಂಪ್ ಮತ್ತು ಲೋ ಬೀಮ್. ಅಲ್ಲಿ ಹೈ ಬೀಮ್ ಹಾಕಿದರೆ ಬೆಳಕೆಲ್ಲ ಬಿಳಿ ಗೋಡೆಯಾಗಿ ವಾಪಸು ಬರುತ್ತದೆ.

ಬೈಕ್, ಸ್ಕೂಟರಿನವರಿಗೆ

ಬಹಳಷ್ಟು ಬೈಕುಗಳಲ್ಲಿರುವುದು 35/35 ವ್ಯಾಟ್‌ನ ಎಚ್‌ಎಸ್1 ಬಲ್ಬ್. ನೋಡಲು ಎಚ್4ನ ಅವಳಿಯಂತೆಯೇ. ಕಿವಿ ಕತ್ತರಿಸಿ 60/55 ಕೂರಿಸಿಕೊಡುವ ಮೆಕ್ಯಾನಿಕ್‌ಗಳಿದ್ದಾರೆ. ಪ್ಲಾಸ್ಟಿಕ್ ಡೂಮ್ (ದೀಪದ ಗೂಡು) ಶಾಖಕ್ಕೆ ಬಾಗುತ್ತದೆ, ಸಣ್ಣ ಬೈಕಿನ ಮ್ಯಾಗ್ನೆಟ್ ಕಾಯಿಲ್ ಅಷ್ಟು ಕರೆಂಟ್ ಕೊಡಲಾರದೆ ಬ್ಯಾಟರಿ ಇಳಿಯುತ್ತದೆ. ಐಡಲಿಂಗ್‌ನಲ್ಲಿ ದೀಪ ಮಂಕಾಗಿ, ರೇಸ್ ಕೊಟ್ಟಾಗ ಬೆಳಗಿದರೆ ಅದು ಎಸಿ ದೀಪ. ಅದಕ್ಕೆ ಡಿಸಿ ಎಲ್‌ಇಡಿ ಬಲ್ಬ್ ಹಾಕಿದರೆ ಮಿನುಗುತ್ತದೆ ಇಲ್ಲವೇ ಬೇಗ ಸುಡುತ್ತದೆ.

2017ರ ಏಪ್ರಿಲ್ ನಂತರದ ಬೈಕುಗಳಲ್ಲಿ ದೀಪ ಹಗಲೂ ಉರಿಯುವುದರಿಂದ ಬಲ್ಬಿನ ಒಳಗಾಜು ಬೇಗ ಕಪ್ಪಾಗುತ್ತದೆ. ಫಿಲಮೆಂಟ್ ತುಂಡಾಗುವವರೆಗೆ ಕಾಯದೆ, ಗಾಜು ಬೂದು ಬಣ್ಣಕ್ಕೆ ತಿರುಗಿದಾಗಲೇ ಬದಲಿಸಿ. ಗುರಿ ಹೊಂದಿಸುವಾಗ ಸ್ಟ್ಯಾಂಡ್ ತೆಗೆದು, ಓಡಿಸುವವರೇ ಕೂತಿರಬೇಕು. ಹಿಂದೆ ಸದಾ ಒಬ್ಬರು ಕೂರುವುದಾದರೆ ಅವರನ್ನೂ ಕೂರಿಸಿಕೊಂಡೇ ಗೋಡೆಯ ಗುರುತು ನೋಡಿ. ಒಬ್ಬರೇ ಇದ್ದಾಗ ಹೊಂದಿಸಿದ ದೀಪ ಇಬ್ಬರು ಕೂತ ಕೂಡಲೇ ಮೇಲೆದ್ದಿರುತ್ತದೆ.